ಮಂಚದ ಬಾಕಿ ಬೇರೆ, ಔಷಧಿಯ ಬಾಕಿ ಬೇರೆ

ಎಸ್ಕಿಶೆಹಿರ್
ನವೆಂಬರ್ 18

ಸಾದೆತ್,

ನಿನ್ನ ಜೊತೆ ಮಾತು ಬಿಟ್ಟಿದ್ದೇನೆ, ಅದು ಹಾಗೇ ಇದೆ. ಕಾಗದ ಬರೆಯುವುದಿಲ್ಲ ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಅಮ್ಮನ ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಹಲ್ವದ ತಟ್ಟೆ ನನ್ನ ಮುಂದೆ ಕುಕ್ಕಿ ಒಳಗೆ ಹೋದವಳು ನೀನು, ಇವತ್ತಿನವರೆಗೂ ನನ್ನ ಫೋನ್ ಎತ್ತಿಲ್ಲ. ಎತ್ತಬೇಡ. ಓದಲು ಬರುತ್ತದಲ್ಲ, ಓದು.

ಹಾಜೆರ್ ಚಿಕ್ಕಮ್ಮ ಫೋನ್ ಮಾಡಿದ್ದಳು. ಹಜ್ ಯಾತ್ರೆಯ ಚೀಟಿ ಎತ್ತಿದಾಗ ನಿನ್ನ ಹೆಸರು ಬಂದಿದೆಯಂತೆ. ಸಂತೋಷ. ನಿನ್ನ ಗಂಡ ಪ್ರತಿ ವರ್ಷ ಇಬ್ಬರ ಹೆಸರೂ ಬರೆಸಿ, ಕಾದು ಕಾದು ಕಣ್ಣು ಮುಚ್ಚಿದ. ನಿನಗಾದರೂ ಬಂತು. ಚಿಕ್ಕಮ್ಮ ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅವಳೆಲ್ಲಿ ನಿಲ್ಲಿಸುತ್ತಾಳೆ. "ನಮ್ಮ ಸಾದೆತ್ ಎಷ್ಟು ಅಚ್ಚುಕಟ್ಟು ಗೊತ್ತಾ. ಕ್ರೆಡಿಟ್ ಕಾರ್ಡಿನ ಸಾಲಾನ ಒಂದೊಂದೇ ಸಾಮಾನಿನ ಲೆಕ್ಕದಲ್ಲಿ ತೀರಿಸ್ತಿದಾಳೆ. ಈ ತಿಂಗಳು ನಿಮ್ಮಮ್ಮನ ಮಂಚ ತೀರ್ತು, ಇನ್ನು ಗಾಲಿಕುರ್ಚಿ ಅಂತೆ," ಎಂದು ಹೆಮ್ಮೆಯಿಂದ ಹೇಳಿಕೊಂಡಳು. ಅವಳ ಹೆಮ್ಮೆ ಕೇಳಿ ನನಗೆ ಮೈ ಉರಿಯಿತು.

ಕೂದಲು ನರೆಯುವವರೆಗೂ ನಾನು ಬ್ಯಾಂಕಿನ ಗಾಜಿನ ಹಿಂದೆ ಕೂತವಳು. ನಿನ್ನಂಥವರನ್ನು ದಿನಾ ನೋಡಿದ್ದೇನೆ. ಈ ದುಡ್ಡು ಫ್ರಿಜ್ಜಿಗೆ, ಈ ದುಡ್ಡು ಸೊಸೆಯ ಬಳೆಗೆ ಎಂದು ನೋಟುಗಳನ್ನು ಬೇರೆ ಬೇರೆ ಕಟ್ಟು ಮಾಡಿ, ಒಂದೊಂದಕ್ಕೂ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ನಾವು "ಆಗ್ಲಿ ತಾಯಿ" ಎಂದು ಇಸಿದುಕೊಂಡು ಎಲ್ಲವನ್ನೂ ಒಂದೇ ಡ್ರಾಯರಿಗೆ ಹಾಕುತ್ತಿದ್ದೆವು. ಅವರು ಬಾಗಿಲು ದಾಟಿದ ಮೇಲೆ ಚಹಾ ಕುಡಿಯುತ್ತ ನಗುತ್ತಿದ್ದೆವು. ಈಗ ಅಫ್ಯೋನಿನ ಯಾವುದೋ ಬ್ಯಾಂಕಿನಲ್ಲಿ ಯಾರೋ ಹುಡುಗಿಯರು ನನ್ನ ತಂಗಿಯನ್ನು ನೋಡಿ ನಗುತ್ತಿದ್ದಾರೆ.

ಒಟ್ಟು ಎಷ್ಟಿದೆ ಎಂದು ಬರೆದು ಕಳಿಸು. ಅಮ್ಮ ನಿನಗೊಬ್ಬಳಿಗೇ ಅಮ್ಮ ಅಲ್ಲ. ಅರ್ಧವನ್ನು ನಾನು ಒಂದೇ ಸಲಕ್ಕೆ ಹಾಕುತ್ತೇನೆ. ಉಪಕಾರ ಆಯಿತು ಅಂತೆಲ್ಲ ಬರೆಯಬೇಡ, ಮೊತ್ತ ಬರೆದರೆ ಸಾಕು.

ನಿನ್ನ ಅಕ್ಕ,
ನೆಜಿಹೆ


ಅಫ್ಯೋನ್
ಡಿಸೆಂಬರ್ 2

ಅಕ್ಕ,

ಚಿಕ್ಕಮ್ಮನ ಬಾಯಿಗೆ ಬೀಗ ಮಾಡುವವನು ಇನ್ನೂ ಹುಟ್ಟಿಲ್ಲ. ಹೇಳಿದ್ದಾಳೆ, ಇರಲಿ.

ಹಜ್‌ಗೆ ಹೋಗುವವರಿಗೆ ವಾರಕ್ಕೊಮ್ಮೆ ತರಗತಿ ಇರುತ್ತದೆ. ಪಾಠ ಹೇಳುವ ಹೊಜಾ ಮೊದಲ ದಿನವೇ ಹೇಳಿದರು: "ಸಾಲ ತೀರಿಸಿ ಹೊರಡಿ. ಒಡನಾಡಿದವರ ಹತ್ರ ಹೋಗಿ, 'ನನ್ನ ಮೇಲೆ ನಿಮ್ಮ ಹಕ್ಕೇನಾದ್ರೂ ಉಳಿದಿದ್ರೆ ಹಲಾಲ್ ಮಾಡಿ, ಮನಸಾರೆ ಬಿಟ್ಟುಕೊಡಿ' ಅಂತ ಕೇಳಿ. ಅವ್ರು 'ಹಲಾಲ್ ಆಗ್ಲಿ' ಅಂದ್ಮೇಲೇನೇ ಹೆಜ್ಜೆ ಎತ್ತಿ." ನಮ್ಮ ಬೀದಿಯವರ ಹತ್ತಿರವೆಲ್ಲ ಕೇಳಿ ಮುಗಿಸಿದೆ. ಮೊಸರಿನವನ ಹತ್ತಿರವೂ ಕೇಳಿದೆ. ನೀನೊಬ್ಬಳು ಉಳಿದಿದ್ದೀಯ, ಕೊನೆಗೆ ಇಟ್ಟುಕೊಂಡಿದ್ದೇನೆ.

ಸಾಲವನ್ನು ನಾನು ಒಂದೊಂದಾಗಿಯೇ ತೀರಿಸುತ್ತೇನೆ. ಮಂಚ ಕಂತಿನಲ್ಲಿತ್ತು. ಪಿಂಚಣಿ ಬಂದ ದಿನ ಹೋಗಿ ಉಳಿದ ಕಂತುಗಳನ್ನೆಲ್ಲ ಕಟ್ಟಿ ಮುಗಿಸಿದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬ್ಯಾಂಕಿನ ಹುಡುಗಿಯರು ನಗುವುದಾದರೆ ನಗಲಿ, ಅಮ್ಮನನ್ನು ಆ ಮಂಚದ ಮೇಲೆ ಮಗ್ಗುಲು ಬದಲಿಸಿದವರು ಅವರಲ್ಲ.

ನಿನ್ನ ಅರ್ಧ ನನಗೆ ಬೇಡ. ಕೊಡಲೇಬೇಕು ಎಂದಿದ್ದರೆ ಆರಿಸಿಕೋ. ಗಾಲಿಕುರ್ಚಿ ಬಾಕಿ ಇದೆ, ಗಾಳಿ ಹಾಸಿಗೆ ಇದೆ, ಔಷಧಿ ಅಂಗಡಿಯದು ಬೇಕಾದಷ್ಟಿದೆ. ಯಾವುದು ನಿನ್ನದು ಎಂದು ಹೆಸರು ಹೇಳಿ ಕೊಡು, ತೆಗೆದುಕೊಳ್ಳುತ್ತೇನೆ. 'ಅರ್ಧ' ಅನ್ನುವ ಸಾಮಾನು ಅಮ್ಮನ ಕೋಣೆಯಲ್ಲಿ ಇರಲಿಲ್ಲ.

ಸಾದೆತ್


ಎಸ್ಕಿಶೆಹಿರ್
ಡಿಸೆಂಬರ್ 14

ಸಾದೆತ್,

ಹಜ್ ತರಗತಿಯಲ್ಲಿ ಹೀಗೆ ಚುಚ್ಚಿ ಮಾತಾಡುವುದನ್ನೂ ಕಲಿಸುತ್ತಾರೋ, ಅಥವಾ ಇದು ನಿನ್ನ ಸ್ವಂತ ಸರಕೋ. ಇರಲಿ. ಈಗ ನಾನು ಹೇಳುವುದನ್ನು ನಿಧಾನವಾಗಿ ಓದು. ಚಿಕ್ಕವಳಿದ್ದಾಗ ಓದುತ್ತಿದ್ದ ಹಾಗೆ ತುಟಿ ಅಲ್ಲಾಡಿಸುತ್ತ ಓದಿದರೂ ಅಡ್ಡಿಯಿಲ್ಲ.

ಬ್ಯಾಂಕಿಗೆ ನಿನ್ನ ಮಂಚ ಗೊತ್ತಿಲ್ಲ, ಕುರ್ಚಿಯೂ ಗೊತ್ತಿಲ್ಲ. ತಿಂಗಳ ಕೊನೆಗೆ ನಿನ್ನ ತಲೆ ಮೇಲೆ ಎಷ್ಟು ಉಳಿದಿದೆ ಅನ್ನುವುದೊಂದೇ ಅದಕ್ಕೆ ಗೊತ್ತು. ಉಳಿದದ್ದಕ್ಕೆ ಬಡ್ಡಿ ಹಾಕುತ್ತದೆ. ನೀನು ಯಾವ ಹೆಸರು ಹೇಳಿ ಕೊಟ್ಟರೂ ಅಷ್ಟೆ, ಒಂದೇ ಪಾತ್ರೆಯ ಸಾರಿನಿಂದ ಒಂದು ಸೌಟು ತೆಗೆದು ಇದು ಟೊಮೇಟೊ ಪಾಲಿನದು ಎಂದ ಹಾಗೆ. ಪೂರ್ತಿ ಕಟ್ಟು. ಆಗದಿದ್ದರೆ ಕೈಲಾದಷ್ಟು ಹೆಚ್ಚು ಕಟ್ಟು. ಮೂರನೆಯ ಜಾಣತನ ಇದರಲ್ಲಿ ಇಲ್ಲ.

ನಿನ್ನ ಮಂಚದ ಕಥೆ ಓದಿ ತಲೆ ಚಚ್ಚಿಕೊಂಡೆ. ಕಂತಿನ ಸಾಮಾನೊಂದೇ ಕಾರ್ಡಿನಲ್ಲಿ ಬೇರೆ ನಿಲ್ಲುವುದು, ಅಂಗಡಿಯವನು ಬಡ್ಡಿಯಿಲ್ಲದೆ ಕಂತು ಮಾಡಿಕೊಟ್ಟಿದ್ದ ಮಂಚ ಅದು. ಕಂತು ಬಂದ ಹಾಗೆ ಕಟ್ಟಿದ್ದರೆ ಒಂದು ಕುರುಶ್ ಕಾಸು ಕೂಡ ಹೆಚ್ಚಾಗುತ್ತಿರಲಿಲ್ಲ. ನೀನು ಪಿಂಚಣಿಯನ್ನೆಲ್ಲ ತೆಗೆದುಕೊಂಡು ಹೋಗಿ ಅದರ ಮೇಲೆ ಸುರಿದು ಬಂದೆ. ಆ ಕಡೆ ಕಾರ್ಡಿನ ಮೇಲಿರುವ ಔಷಧಿ ಅಂಗಡಿಯ ಹಳೇ ಬಾಕಿಗೆ ಬಡ್ಡಿ ಓಡುತ್ತಲೇ ಇದೆ, ಅದನ್ನು ತಿರುಗಿಯೂ ನೋಡಿಲ್ಲ. ಕಚ್ಚದ ನಾಯಿಗೆ ರೊಟ್ಟಿ ಹಾಕಿ ಕಚ್ಚುವ ನಾಯಿಯ ಮುಂದೆ ಬರಿಗೈಲಿ ನಿಂತಿದ್ದೀಯ. ಚೆನ್ನಾಗಿ ನಿದ್ದೆ ಬಂತಂತೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಅದಕ್ಕೂ ಚೆನ್ನಾಗಿ ನಿದ್ದೆ ಬರುತ್ತದೆ.

ಇನ್ನೊಂದು. ತಿಂಗಳಿಗೆ ಕನಿಷ್ಠ ಇಷ್ಟು ಎಂದು ಒಂದು ಮೊತ್ತ ಇರುತ್ತದೆ. ಅದನ್ನಾದರೂ ಕಟ್ಟಿದ್ದೀಯೋ ಇಲ್ಲವೋ. ಕಟ್ಟದೆ ತಿಂಗಳು ತಿಂಗಳು ಹೋದರೆ ಕಾರ್ಡು ಮುಚ್ಚಿ ವಕೀಲರ ಕೈಗೆ ಕೊಡುತ್ತಾರೆ. ಆಮೇಲೆ ಹೊಜಾ ಬಂದು ಬಿಡಿಸುವುದಿಲ್ಲ.

ನಿನ್ನ ಪದ್ಧತಿಯಲ್ಲಿ ಒಂದೇ ಒಂದು ಪ್ರಯೋಜನ ಇದೆ, ದುಡ್ಡು ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ. ಅದಕ್ಕೆ ಬ್ಯಾಂಕಿನವರೆಗೆ ಹೋಗಬೇಕಿಲ್ಲ, ಮನೆಯಲ್ಲಿ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡರೆ ಆಯಿತು. ಮೊತ್ತ ಕಳಿಸು.

ನೆಜಿಹೆ


ಅಫ್ಯೋನ್
ಜನವರಿ 21

ಅಕ್ಕ,

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಹಟ ಹಿಡಿದು ಕೂತೆ. ಆಮೇಲೆ ಬ್ಯಾಂಕಿಗೆ ಹೋದೆ. ಕಿಟಕಿಯ ಹುಡುಗಿಗೆ ಕೇಳಿದೆ, ಮಂಚ ತೀರಿತು ಅಂದಿದ್ದೆಯಲ್ಲಮ್ಮ, ಅದು ನಿಜಕ್ಕೂ ತೀರಿದೆಯೇ ಎಂದು. ಅವಳು ಕೆಂಪಾದಳು. "ಮಂಚದ ಕಂತೇನೋ ಮುಗೀತು ಆಂಟಿ. ಆದ್ರೆ ಒಟ್ಟು ಸಾಲ ಇಳಿದಿಲ್ಲ, ಬಡ್ಡಿ ಸೇರಿ ಏರಿದೆ. ಕನಿಷ್ಠ ಮೊತ್ತ ಮೂರು ತಿಂಗಳಿಂದ ಬಂದಿಲ್ಲ. ನಿಮಗೆ ಮೆಸೇಜ್ ಬಂದಿರ್ಬೇಕಲ್ಲ," ಎಂದಳು. ಮೆಸೇಜು ಬಂದಿದ್ದವು. ನಾನು ಜಾಹೀರಾತು ಅಂದುಕೊಂಡಿದ್ದೆ. ಕಾರ್ಡು ಮುಚ್ಚಿದ್ದಾರೆ. ಮಾರ್ಚ್ ಒಳಗೆ ತೀರಿಸದಿದ್ದರೆ ವಕೀಲರ ನೋಟಿಸು ಬರುತ್ತದಂತೆ. ಮೇ ತಿಂಗಳಲ್ಲಿ ನಮ್ಮ ವಿಮಾನ.

ಹಾಗಾಗಿ ನೀನು ಹೇಳಿದ್ದೇ ಸರಿ. ಹುಟ್ಟಿದಾಗಿನಿಂದ ನೀನು ಹೇಳಿದ್ದೇ ಸರಿ. ಅದರಿಂದ ನಿನಗೆ ಸಿಕ್ಕಿದ್ದೇನು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಜ್‌ಗೆ ತೆಗೆದಿಟ್ಟ ದುಡ್ಡು ಇದೆಯಲ್ಲ ಎಂದು ನೀನು ಈಗ ಕೇಳುತ್ತೀಯ. ಅದು ನನ್ನ ಗಂಡ ಸಿಗರೇಟು ಬಿಟ್ಟು, ಕಾಫಿಖಾನೆ ಬಿಟ್ಟು ಕೂಡಿಸಿದ್ದು. ಅದನ್ನು ಮುಟ್ಟಿದರೆ ಯಾತ್ರೆಯೇ ಇಲ್ಲ, ಮುಟ್ಟದೆ ಹೋದರೆ ಸಾಲ ತಲೆ ಮೇಲೆ.

ಆದರೆ ಒಂದು ಮಾತು ನಿನ್ನ ಕಾಗದದಲ್ಲಿ ಹಿಡಿಸಿತು. ದುಡ್ಡು ಎಲ್ಲಿಗೆ ಹೋಯಿತು ಎಂದು ಗೊತ್ತಾಗುವುದೊಂದೇ ಪ್ರಯೋಜನ ಎಂದು ಬರೆದಿದ್ದೀಯ. ನಲವತ್ತನೇ ದಿನ ನೀನು ಕೇಳಿದ್ದೂ ಅದನ್ನೇ. ಕುರಾನ್ ಓದಿದವರು ಇನ್ನೂ ಎದ್ದಿರಲಿಲ್ಲ, ಬೀದಿಯ ಹೆಂಗಸರೆಲ್ಲ ಹಲ್ವ ಬಾಯಿಗಿಡುತ್ತಿದ್ದರು. ನೀನು ಗಟ್ಟಿಯಾಗಿ, "ತಿಂಗಳು ತಿಂಗಳು ಅಷ್ಟೊಂದು ಕಳಿಸ್ದೆ, ಎಲ್ಲಿ ಹೋಯ್ತು ಸಾದೆತ್?" ಅಂದೆ. ಚಮಚಗಳು ನಿಂತವು. ಅವತ್ತಿನಿಂದ ಹಾಲಿನಂಗಡಿಗೆ ಹೋದರೂ ನನಗೆ ನನ್ನ ಚೀಲವನ್ನೇ ಜನ ನೋಡುತ್ತಿದ್ದಾರೆ ಅನ್ನಿಸುತ್ತದೆ.

ನೀನು ಕಳಿಸುತ್ತಿದ್ದ ಮೊತ್ತ ಮೂರು ವರ್ಷ ಅದೇ ಇತ್ತು. ರೊಟ್ಟಿಯ ಬೆಲೆ ಏರಿತು, ಅಮ್ಮನಿಗೆ ಕಟ್ಟುವ ಪ್ಯಾಡುಗಳ ಬೆಲೆ ಏರಿತು, ನಿನ್ನ ಮೊತ್ತ ಏರಲಿಲ್ಲ. ಕರೆಂಟ್ ಬಿಲ್ಲು ಕಟ್ಟಿದ ಹಾಗೆ ಅಮ್ಮನಿಗೂ ಕಟ್ಟಿದೆ. ಬಾಕಿಯದು ಕಾರ್ಡಿಗೆ ಹೋಯಿತು. ಅದಕ್ಕೇ ಒಂದೊಂದಾಗಿ ತೀರಿಸುತ್ತಿದ್ದೇನೆ, ಯಾರಾದರೂ ಕೇಳಿದರೆ ಇದು ಇಲ್ಲಿಗೆ ಹೋಯಿತು, ಅದು ಅಲ್ಲಿಗೆ ಹೋಯಿತು ಎಂದು ಹೇಳಲು. ಬಡ್ಡಿ ಬಿದ್ದರೆ ಬೀಳಲಿ ಅನ್ನುವಷ್ಟು ಸಿಟ್ಟಿತ್ತು ನನಗೆ. ಈಗಲೂ ಅರ್ಧ ಬೇಡ. ಹೆಸರು ಹೇಳು.

ಸಾದೆತ್


ಎಸ್ಕಿಶೆಹಿರ್
ಫೆಬ್ರವರಿ 10

ಸಾದೆತ್,

ನಿನ್ನ ಕಾರ್ಡಿನ ಸಾಲ ತೀರಿದೆ. ಅರ್ಧ ಅಲ್ಲ, ಪೂರ್ತಿ, ಬಡ್ಡಿ ದಂಡ ಎಲ್ಲ ಸೇರಿ. ಕಾರ್ಡಿನ ಸಂಖ್ಯೆಯನ್ನು ಚಿಕ್ಕಮ್ಮ ನಿನ್ನ ಪರ್ಸಿನಿಂದ ನೋಡಿ ಹೇಳಿದಳು. ಅವಳ ಮೇಲೆ ಹಾರಾಡಬೇಡ, ನಾನು ಹೆದರಿಸಿದ್ದೆ. ನನ್ನ ನಾಲ್ಕು ಚಿನ್ನದ ಬಳೆ ಮಾರಿದೆ. ಕೈ ಹಗುರವಾಗಿದೆ, ಮಡಿಚುವಾಗ ಸದ್ದಿಲ್ಲ.

ಹೆಸರು ಹೇಳು, ಆರಿಸಿಕೋ ಎಂದೆಲ್ಲ ನೀನು ಆಟ ಆಡುತ್ತ ಕೂತಿದ್ದರೆ ಮಾರ್ಚಿಗೆ ವಕೀಲ ಬರುತ್ತಿದ್ದ. ಆಗ ಅವನಿಗೆ ಹೇಳುತ್ತಿದ್ದೆಯಾ, "ಸ್ವಾಮಿ, ಮಂಚ ಬಿಟ್ಟು ಉಳಿದದ್ದಕ್ಕೆ ಕೇಸು ಹಾಕಿ" ಅಂತ. ಸಾಲ ತೀರಿಸುವುದು ಹೀಗೆ. ಬೆಳಗ್ಗೆ ಹೋದೆ, ಹಾಕಿದೆ, ರಸೀದಿ ತೆಗೆದುಕೊಂಡೆ, ಬರುವಾಗ ಈರುಳ್ಳಿ ತಂದೆ.

ಇನ್ನು ನಿನ್ನ ಹೊಜಾ ಹೇಳಿದ ವಿಷಯ. ನಿನ್ನ ಮೇಲೆ ನನ್ನ ಹಕ್ಕೇನಿದ್ದರೂ ಎಲ್ಲಾ ಹಲಾಲ್ ಆಗಲಿ. ಅದನ್ನೂ ಒಂದೇ ಸಲಕ್ಕೆ ಹೇಳಿದ್ದೇನೆ. ಹೋಗಿ ಬಾ.

ನೆಜಿಹೆ


ಅಫ್ಯೋನ್
ಫೆಬ್ರವರಿ 27

ಅಕ್ಕ,

ನಿನ್ನನ್ನು ಯಾರು ಕೇಳಿದರು.

ನಾನು ಬ್ಯಾಂಕಿಗೆ ಸಾಲಗಾರಳಾಗಿದ್ದೆ. ಬ್ಯಾಂಕಿಗೆ ಬಾಯಿಲ್ಲ, ಅದು ನಲವತ್ತನೇ ದಿನ ಬಂದು ಕೂತು ಲೆಕ್ಕ ಕೇಳುವುದಿಲ್ಲ. ಈಗ ಆ ಸಾಲವನ್ನೆಲ್ಲ ಎತ್ತಿ ನಿನ್ನ ಮಡಿಲಿಗೆ ಹಾಕಿಕೊಂಡೆ. ಈ ಪ್ರಪಂಚದಲ್ಲಿ ಯಾರಿಗೆ ಸಾಲಗಾರಳಾಗಬಾರದು ಅಂದುಕೊಂಡಿದ್ದೆನೋ ಅವಳಿಗೇ ಆದೆ. ಬಳೆ ಮಾರಿದ್ದನ್ನು ಬೇರೆ ಬರೆದಿದ್ದೀಯ, ಸದ್ದಿಲ್ಲ ಎಂದು. ಕೇಳಿಸಿತು.

'ಎಲ್ಲಾ ಹಲಾಲ್' ಅಂದೆ. ಹೊಜಾಗೆ ಕೇಳಿದೆ, ಹೀಗೆ ಮೂಟೆ ಕಟ್ಟಿ ಹೇಳಿದರೆ ನಡೆಯುತ್ತದೆಯೇ ಎಂದು. "ನಡೆಯುತ್ತೆ ತಾಯಿ, ದೇವರಿಗೆ ವಿವರ ಗೊತ್ತಿರುತ್ತೆ," ಅಂದರು. "ದೇವರಿಗೆ ಗೊತ್ತು ಹೊಜಾ, ನಮ್ಮಕ್ಕನಿಗೆ ಗೊತ್ತಿಲ್ಲ," ಅಂದೆ. ಹೊಜಾ ಗಡ್ಡ ಸವರಿಕೊಂಡರು.

ನಿನಗೆ ಅದರಲ್ಲಿ ಏನೇನಿತ್ತು ಎಂದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಬಿಟ್ಟುಕೊಡುತ್ತೀಯ. ಬರೆದುಕೋ. ಏರಿಸಿ ಇಳಿಸುವ ಮಂಚ. ಗಾಲಿಕುರ್ಚಿ. ಬೆನ್ನಿನ ಹುಣ್ಣಿಗೆ ಗಾಳಿ ಹಾಸಿಗೆ. ಪ್ಯಾಡುಗಳು. ನೀರಿಗೆ ಹಾಕುವ ಪುಡಿ. ನಾನು ಸುಸ್ತಾಗಿ ಬಿದ್ದಾಗ ಒಂದು ತಿಂಗಳು ಬಂದಿದ್ದ ದಾದಿ. ಕೊನೆಯ ಹಬ್ಬಕ್ಕೆ ಅಮ್ಮ ಕೇಳಿದ ನೇರಳೆ ಸ್ವೆಟರ್, ಅದು ಔಷಧಿ ಅಲ್ಲ, ಬೇಕಾದರೆ ಬೈಯಿ.

ಒಂದೊಂದನ್ನೂ ಹೆಸರು ಹಿಡಿದು ಹಲಾಲ್ ಅನ್ನು. ಇಲ್ಲದಿದ್ದರೆ ನಾನು ಹೋಗುವುದಿಲ್ಲ. ಜಾಗ ಬಿಟ್ಟುಕೊಡಲು ಏಪ್ರಿಲ್ ಕೊನೆಯವರೆಗೆ ಸಮಯ ಇದೆ, ನನ್ನ ಹಿಂದೆ ಕಾಯುವವರು ಬಹಳ ಜನ ಇದ್ದಾರೆ. ಅದರ ದುಡ್ಡು ವಾಪಸು ಬಂದರೆ ನಿನಗೆ ಬಳೆ ಕೊಂಡುಕೊಡುತ್ತೇನೆ, ಅದೂ ಒಂದೊಂದಾಗಿ. ಇದು ಬೆದರಿಕೆ ಅಲ್ಲ. ನಿನ್ನ ಬಾಯಿಂದ ಬಂದ ಮೂಟೆ ಮಾತನ್ನು ಹೊತ್ತುಕೊಂಡು ಕಾಬಾದ ಮುಂದೆ ನಿಲ್ಲಲು ನನ್ನಿಂದ ಆಗುವುದಿಲ್ಲ.

ಸಾದೆತ್


ಎಸ್ಕಿಶೆಹಿರ್
ಏಪ್ರಿಲ್ 19

ಸಾದೆತ್,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಈ ಹುಚ್ಚಾಟಕ್ಕೆ ಬರೆಯುವುದಿಲ್ಲ ಎಂದೇ ಇದ್ದೆ. ಜಾಗ ಬಿಟ್ಟರೆ ಬಿಡಲಿ, ಹಟಮಾರಿ, ಚಿಕ್ಕಂದಿನಲ್ಲೂ ಪಾಯಸದ ಬಟ್ಟಲು ನೆಲಕ್ಕೆ ಕುಕ್ಕಿ ಉಪವಾಸ ಮಲಗುತ್ತಿದ್ದವಳು ಎಂದುಕೊಂಡೆ. ನಿನ್ನೆ ಚಿಕ್ಕಮ್ಮ ಫೋನ್ ಮಾಡಿ, ನೀನು ನಿಜವಾಗಿಯೂ ಜಾಗ ಬಿಡುವ ಅರ್ಜಿ ತಂದಿಟ್ಟುಕೊಂಡಿದ್ದೀಯ ಎಂದಳು. ಅತ್ತಳು ಕೂಡ. ಸರಿ, ಕೂತು ಬರೆಯುತ್ತಿದ್ದೇನೆ. ಮೂರ್ಖತನಕ್ಕೂ ಒಂದು ಕೊನೆ ಬೇಕು.

ಮಂಚ. ಹಲಾಲ್ ಆಗಲಿ.

ಗಾಲಿಕುರ್ಚಿ. ಹಲಾಲ್ ಆಗಲಿ. ಅಮ್ಮ ಅದರಲ್ಲಿ ಕೂತು ಹೊರಗೆ ಹೋಗುತ್ತಿದ್ದಳೋ, ನಾಚಿಕೆ ಎಂದು ಮನೆಯಲ್ಲೇ ಇರುತ್ತಿದ್ದಳೋ, ನನಗೆ ಗೊತ್ತಿಲ್ಲ.

ಗಾಳಿ ಹಾಸಿಗೆ. ಹಲಾಲ್ ಆಗಲಿ. ಬೆನ್ನಿನಲ್ಲಿ ಹುಣ್ಣಾಗಿತ್ತು ಎಂದು ನಿನ್ನ ಕಾಗದದಿಂದಲೇ ತಿಳಿದದ್ದು.

ಪ್ಯಾಡುಗಳು, ದಾದಿ, ಹಲಾಲ್ ಆಗಲಿ. ದಾದಿಯನ್ನು ಇಟ್ಟುಕೊಳ್ಳುವಷ್ಟು ನೀನು ಬಿದ್ದಿದ್ದೆ ಎಂದು ಯಾರೂ ಹೇಳಲಿಲ್ಲ. ಸ್ವೆಟರ್ ಹಲಾಲ್ ಆಗಲಿ. ನೇರಳೆ ಬಣ್ಣ ಅವಳಿಗೆ ಒಪ್ಪುತ್ತಿರಲಿಲ್ಲ, ಆದರೂ ಹಲಾಲ್ ಆಗಲಿ.

ನೀರಿಗೆ ಹಾಕುವ ಪುಡಿಯನ್ನು ಕೊನೆಗೆ ಇಟ್ಟೆ. ಅದೇನು ಎಂದು ತಿಳಿಯಲಿಲ್ಲ. ಟಿವಿಯಲ್ಲಿ ಮಾರುವ ಗಿಡಮೂಲಿಕೆಯ ಮೋಸ ಏನೋ ಇರಬೇಕು, ಸಾದೆತ್ ಮರುಳಾಗಿದ್ದಾಳೆ ಎಂದುಕೊಂಡೆ. ಬೈಯುವುದಕ್ಕೆ ಒಂದು ವಿಷಯ ಸಿಕ್ಕಿತು ಎಂದು ಮೂಲೆಯ ಔಷಧಿ ಅಂಗಡಿಗೆ ಹೋಗಿ ಕೇಳಿದೆ. ಅವನು, "ನುಂಗೋಕೆ ಆಗದೇ ಇರೋರಿಗೆ ಅಮ್ಮಾ. ನೀರು ತೆಳ್ಳಗಿದ್ರೆ ಶ್ವಾಸನಾಳಕ್ಕೆ ಇಳಿದುಬಿಡುತ್ತೆ. ಇದನ್ನ ಹಾಕಿ ಗಟ್ಟಿ ಮಾಡಿ ಚಮಚದಲ್ಲಿ ಕೊಡ್ತಾರೆ," ಎಂದ. ಬೆಲೆ ಕೇಳಿದೆ. ಹೇಳಿದ. ಒಂದು ಡಬ್ಬಿ ತಂದೆ.

ಮನೆಯಲ್ಲಿ ಚಹಾ ಮಾಡಿ ಒಂದು ಲೋಟಕ್ಕೆ ಹಾಕಿ ಕಲಕಿದೆ. ಅಂಟಾಯಿತು. ಒಂದು ಚಮಚ ಬಾಯಿಗಿಟ್ಟೆ, ಎರಡನೆಯದು ಆಗಲಿಲ್ಲ. ಬಣ್ಣ ಸ್ವಲ್ಪ ಮಸುಕಾದರೂ ಲೋಟ ವಾಪಸು ಕಳಿಸುತ್ತಿದ್ದಳು ನಮ್ಮಮ್ಮ, ನಿನಗೆ ನೆನಪಿರಬೇಕು. ಪ್ರತಿ ಭಾನುವಾರ ನಾನು ಫೋನ್ ಮಾಡಿ, "ಚಹಾ ಕುಡಿದ್ಯಾ ಅಮ್ಮ?" ಎಂದು ಕೇಳುತ್ತಿದ್ದೆ. "ಕುಡಿದೆ ಮಗಳೇ, ಚೆನ್ನಾಗಿತ್ತು," ಎನ್ನುತ್ತಿದ್ದಳು. ನನಗೆ ಅಷ್ಟು ಸಾಕಾಗುತ್ತಿತ್ತು. ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಅಲ್ಲಿರುತ್ತಿದ್ದೆ. ಹತ್ತಲಿಲ್ಲ.

ಅವಳಿಗೆ ನೀರು ಇಳಿಯುತ್ತಿರಲಿಲ್ಲ ಎಂದು ನನಗೆ ಏಕೆ ಹೇಳಲಿಲ್ಲ ಎಂದು ಬರೆಯಲು ಹೊರಟೆ. ನಾನು ಕೇಳಿರಲಿಲ್ಲ. ದುಡ್ಡು ಎಲ್ಲಿಗೆ ಹೋಯಿತು ಎಂದು ಮಾತ್ರ ಕೇಳಿದೆ, ಅದೂ ಅವಳು ಸತ್ತ ಮೇಲೆ.

ಪುಡಿಗೆ ನಾನು ಹಲಾಲ್ ಅನ್ನುವುದಿಲ್ಲ. ಅನ್ನಲು ಅದರಲ್ಲಿ ನನ್ನದೇನೂ ಇಲ್ಲ, ದುಡ್ಡು ಕಟ್ಟಿದ್ದು ಬಿಟ್ಟರೆ. ಇದೊಂದನ್ನು ನೀನು ನನಗೆ ಹಲಾಲ್ ಮಾಡಬೇಕು. ಉಳಿದದ್ದರ ಜೊತೆ ಸೇರಿಸಬೇಡ. ಬೇರೆಯಾಗಿ ಹೇಳು.

ನಿನ್ನ ಅಕ್ಕ,
ನೆಜಿಹೆ


ಅಫ್ಯೋನ್
ಮೇ 6

ಅಕ್ಕ,

ಅರ್ಜಿಯನ್ನು ಹರಿದು ಹಾಕಿದೆ. ಚೀಲ ಕಟ್ಟುತ್ತಿದ್ದೇನೆ.

ಪುಡಿಯದು ಹಲಾಲ್ ಆಗಲಿ. ಅಮ್ಮ ಅದನ್ನು ಹಾಕಿಯೇ ಚಹಾ ಕುಡಿದಳು. ಮೊದಲ ಚಮಚ ನನ್ನ ಮುಖಕ್ಕೇ ಉಗಿದಳು, ಆಮೇಲೆ ಅಭ್ಯಾಸ ಮಾಡಿಕೊಂಡಳು. ನಿನಗೆ ಹೇಳಬೇಡ ಎಂದದ್ದು ಅವಳೇ. "ನೆಜಿಹೆಗೆ ಹೇಳ್ಬೇಡ ಕಣೇ, ಅವಳು ಬಂದ್ರೆ ಪುಡಿ ಎಷ್ಟು ಹಾಕ್ಬೇಕು ಅಂತ ನಿಂಗೆ ಪಾಠ ಹೇಳ್ತಾಳೆ," ಅಂದಳು. ಇಬ್ಬರೂ ನಕ್ಕೆವು. ಗಾಲಿಕುರ್ಚಿಯಲ್ಲಿ ಎರಡು ಸಲ ಸಂತೆಗೆ ಬಂದಿದ್ದಳು, ಟೊಮೇಟೊದವನ ಜೊತೆ ಚೌಕಾಸಿ ಮಾಡಲು.

ನಲವತ್ತನೇ ದಿನ ನೀನಾಡಿದ ಮಾತು ಹಲಾಲ್ ಆಗಿಲ್ಲ. ಬಾಯಲ್ಲಿ ಅಂದುಬಿಡಬಹುದು, ಹೊಟ್ಟೆಯೊಳಗೆ ಆಗಿಲ್ಲ. ಅದನ್ನು ಇಟ್ಟುಕೊಂಡೇ ಹೋಗುತ್ತಿದ್ದೇನೆ. ಹೊಜಾ ಏನಾದರೂ ಅನ್ನಲಿ.

ಹದಿನಾಲ್ಕನೇ ತಾರೀಕು ಬೆಳಗ್ಗೆ ದೊಡ್ಡ ಮಸೀದಿಯ ಮುಂದಿನಿಂದ ನಮ್ಮ ಬಸ್ಸು ಹೊರಡುತ್ತದೆ. ಹಿಂದಿನ ದಿನ ಬಂದರೆ ಅಮ್ಮನ ಮಂಚ ಖಾಲಿ ಇದೆ, ಮಲಗಬಹುದು. ನಾನು ಮಾತಾಡುವುದಿಲ್ಲ. ನೀನು ಬೇಕಾದರೆ ಚೀಲ ಹಿಡಿದುಕೋ.

ಸಾದೆತ್